‘ಲೈಬ್ರರೀಲಿ ಇಲ್ಲ ಮೇಡಂ’ ಅನ್ನುವ ಮೊದಲು

ಪ್ರತಿ ಸೆಮಿಸ್ಟರು ಶುರುವಾಗಿ ಮೂರನೇ ವಾರದ ಹೊತ್ತಿಗೆ ಯಾರಾದರೊಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

“ಮೇಡಂ, ನೀವು ಹೇಳಿದ ಬುಕ್ಕು ಲೈಬ್ರರೀಲಿ ಇಲ್ರಿ.”

“ಯಾರನ್ನ ಕೇಳಿದೆ?”

“ಯಾರನ್ನೂ ಕೇಳ್ಲಿಲ್ಲ. ಕಂಪ್ಯೂಟರ್‌ನಾಗೆ ಹೊಡೆದೆ, ಏನೂ ಬರ್ಲಿಲ್ಲ.”

“ಏನಂತ ಹೊಡೆದೆ?”

“ತರಾಸು ಅಂತ.”

“ಸುಬ್ಬರಾವ್ ಅಂತ ಹೊಡೆದು ನೋಡು, ಹೋಗು.”

ಮಾರನೇ ದಿನ ಹುಡುಗ ಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಬಂದ. ಪುಸ್ತಕ ಎಲ್ಲೂ ಹೋಗಿರಲಿಲ್ಲ. ನಾವು ಕರೆಯುವ ಹೆಸರಿನಲ್ಲಿ ಇರಲಿಲ್ಲ, ಅಷ್ಟೇ. ಮಲೇಬೆನ್ನೂರಲ್ಲಿ ಹುಟ್ಟಿ, ತಳುಕಿನ ಹೆಸರು ಹೊತ್ತು, ದುರ್ಗದ ಕಥೆ ಬರೆದ ಮನುಷ್ಯ ನಮ್ಮವರಿಗೆ ತರಾಸು. ಗ್ರಂಥಾಲಯದ ಪಟ್ಟಿಗೆ ಮಾತ್ರ ಅವರು ‘ಸುಬ್ಬರಾವ್, ತ.ರಾ.’

ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು ಇದೇ ಮಾತನ್ನು ವರ್ಷವರ್ಷವೂ ಒಬ್ಬೊಬ್ಬರಿಗೇ ಹೇಳಿ ಸಾಕಾಗಿ, ಈಗ ಒಟ್ಟಿಗೆ ಬರೆದಿಡುತ್ತಿದ್ದೇನೆ. ಪದವಿ ಮುಗಿಸಿ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಗೋ ಚಿತ್ರದುರ್ಗದ ಜ್ಞಾನಗಂಗೋತ್ರಿಗೋ ಎಂ.ಎ.ಗೆಂದು ಹೋಗಿ, ಮೊದಲ ಸಲ ದೊಡ್ಡ ಗ್ರಂಥಾಲಯದೊಳಗೆ ಕಾಲಿಟ್ಟವರಿಗೆ ಇದು ಹೆಚ್ಚು ಉಪಯೋಗಕ್ಕೆ ಬರಬಹುದು.

ಮನೆಯಲ್ಲೇ ಮಾಡಬೇಕಾದ ಕೆಲಸ

ಒಂದು ಚೀಟಿ ಬರೆದುಕೊಳ್ಳಿ. ಸಿಲಬಸ್ಸಿನ ಫೋಟೋ ಮೊಬೈಲಿನಲ್ಲಿದೆ ಎಂದು ಹೊರಡಬೇಡಿ. ಸಿಲಬಸ್ಸಿನಲ್ಲಿ ಹೆಸರುಗಳು ಅರ್ಧಂಬರ್ಧ ಇರುತ್ತವೆ, ಸಂಪಾದಕರ ಹೆಸರು ಬಿಟ್ಟುಹೋಗಿರುತ್ತದೆ. ಲೇಖಕರ ಪೂರ್ತಿ ಹೆಸರು, ಕಾವ್ಯನಾಮ, ಪುಸ್ತಕದ ಹೆಸರು, ಸಂಪಾದಿತ ಗ್ರಂಥವಾದರೆ ಸಂಪಾದಕರ ಹೆಸರು, ಕಾದಂಬರಿಯೋ ನಾಟಕವೋ ವಿಮರ್ಶೆಯೋ ಎಂಬ ಪ್ರಕಾರ, ಇಷ್ಟು ಚೀಟಿಯಲ್ಲಿ ಇರಲಿ.

ಚೀಟಿ ಬರೆಯುವಾಗಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನನಗೆ ಬೇಕಾದದ್ದು ಒಂದು ಪುಸ್ತಕವೋ, ಪುಸ್ತಕದೊಳಗಿನ ಒಂದು ಬರಹವೋ? ನಿಮ್ಮ ಪಠ್ಯದಲ್ಲಿರುವ ಸಣ್ಣಕಥೆಯ ಹೆಸರನ್ನು ಕಂಪ್ಯೂಟರಿಗೆ ಹೊಡೆದರೆ ಸಿಗುವುದು ಅಪರೂಪ. ಗ್ರಂಥಾಲಯದ ಪಟ್ಟಿಯಲ್ಲಿ ಪುಸ್ತಕಗಳ ಹೆಸರಿರುತ್ತದೆ, ಒಳಗಿನ ಕಥೆ, ಕವಿತೆ, ಪ್ರಬಂಧಗಳ ಹೆಸರಲ್ಲ. ಆ ಕಥೆ ಯಾವ ಸಂಕಲನದಲ್ಲಿದೆ ಎಂದು ಮೊದಲು ಮೇಷ್ಟ್ರನ್ನೋ ಸೀನಿಯರನ್ನೋ ಕೇಳಿ ತಿಳಿದುಕೊಳ್ಳಿ. ಹಾಗೆಯೇ ಎಷ್ಟೋ ಕಾದಂಬರಿ, ನಾಟಕಗಳು ಬಿಡಿಯಾಗಿ ಇರುವುದಿಲ್ಲ. ‘ಸಮಗ್ರ ಸಾಹಿತ್ಯ’ ಎಂಬ ದಪ್ಪ ಸಂಪುಟದ ಹೊಟ್ಟೆಯಲ್ಲಿರುತ್ತವೆ. ಬಿಡಿ ಪ್ರತಿ ಸಿಗದಿದ್ದರೆ ಲೇಖಕರ ಹೆಸರಿನ ಜೊತೆ ‘ಸಮಗ್ರ’ ಎಂದು ಸೇರಿಸಿ ಹುಡುಕಿ.

ಬಾಗಿಲಲ್ಲಿ

ಇಲ್ಲಿ ಹೇಳುವುದು ಹೆಚ್ಚಿಲ್ಲ. ಕಾಲೇಜಿನ ಗುರುತಿನ ಚೀಟಿ, ಗ್ರಂಥಾಲಯದ ಕಾರ್ಡು ಎರಡೂ ಕೈಯಲ್ಲಿರಲಿ. ಚೀಲ ಹೊರಗಿನ ಗೂಡಿನಲ್ಲಿಡಬೇಕು, ದುಡ್ಡು ಮೊಬೈಲು ಜೊತೆಗಿಟ್ಟುಕೊಳ್ಳಿ. ಗೇಟ್ ರಿಜಿಸ್ಟರಿನಲ್ಲಿ ಹೆಸರು ಬರೆದು ಒಳಗೆ ಹೋಗಿ. ನಿಮ್ಮದೇ ಪುಸ್ತಕ ಒಳಗೆ ಒಯ್ಯುವುದಾದರೆ ಮೊದಲೇ ತೋರಿಸಿ, ಹೊರಬರುವಾಗಿನ ತಕರಾರು ತಪ್ಪುತ್ತದೆ.

ಬೇರೆ ಕಾಲೇಜಿನಿಂದ ಬಂದವರು ಪ್ರಿನ್ಸಿಪಾಲರದೋ ಗೈಡ್‌ದೋ ಒಂದು ಪತ್ರ ತರುವುದು ವಾಡಿಕೆ. ಅಂಥವರಿಗೆ ಸಾಮಾನ್ಯವಾಗಿ ಅಲ್ಲೇ ಕೂತು ಓದಲು ಅವಕಾಶ ಕೊಡುತ್ತಾರೆ, ಪುಸ್ತಕ ಮನೆಗೆ ಕೊಡುವುದಿಲ್ಲ. ಪತ್ರದಲ್ಲಿ ‘ಸಂಶೋಧನೆಗಾಗಿ’ ಎಂದಷ್ಟೇ ಬರೆಸಬೇಡಿ. ಯಾವ ವಿಷಯ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಬರೆಸಿದರೆ ಕೆಲಸ ಬೇಗ ಆಗುತ್ತದೆ.

ಕಂಪ್ಯೂಟರಿನ ಮುಂದೆ: ಹೆಸರಿನ ಆಟ

ಓಪ್ಯಾಕ್ ಎಂದು ಕರೆಯುವ ಗಣಕ ಪಟ್ಟಿ ಈಗ ಬಹುತೇಕ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇದೆ. ಕನ್ನಡದ ಹುಡುಗರು ಸೋಲುವುದು ಇಲ್ಲೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಮೊದಲನೆಯದು ಲೇಖಕರ ಹೆಸರು. ಪಟ್ಟಿ ಮಾಡುವವರು ಹೆಸರಿನ ಕೊನೆಯ ಭಾಗವನ್ನು ಮುಂದಕ್ಕೆ ತರುತ್ತಾರೆ, ಇನಿಷಿಯಲ್ ಹಿಂದಕ್ಕೆ ಹೋಗುತ್ತದೆ. ಕುವೆಂಪು ‘ಪುಟ್ಟಪ್ಪ, ಕೆ.ವಿ.’ ಆಗಿರಬಹುದು. ಶ್ರೀರಂಗ ‘ರಂಗಾಚಾರ್ಯ, ಆದ್ಯ’ ಆಗಿರಬಹುದು. ಅಂಬಿಕಾತನಯದತ್ತರನ್ನು ಬೇಂದ್ರೆಯಲ್ಲೂ, ಆನಂದಕಂದರನ್ನು ಬೆಟಗೇರಿ ಕೃಷ್ಣಶರ್ಮದಲ್ಲೂ, ತ್ರಿವೇಣಿಯವರನ್ನು ಅನಸೂಯಾ ಶಂಕರದಲ್ಲೂ ನೋಡಬೇಕಾದೀತು. ಒಂದೇ ಗ್ರಂಥಾಲಯದಲ್ಲಿ ಒಬ್ಬರೇ ಲೇಖಕರ ನಾಲ್ಕು ಪುಸ್ತಕ ಕಾವ್ಯನಾಮದಲ್ಲಿ, ಆರು ಪುಸ್ತಕ ನಿಜನಾಮದಲ್ಲಿ ಇರುವುದೂ ಉಂಟು. ಒಂದು ಸಿಬ್ಬಂದಿ ಹೋಗಿ ಇನ್ನೊಂದು ಸಿಬ್ಬಂದಿ ಬಂದಾಗ ರೂಢಿ ಬದಲಾಗುತ್ತದೆ, ಪಟ್ಟಿ ಮಾತ್ರ ಒಂದೇ. ಆದ್ದರಿಂದ ಎರಡೂ ಹೆಸರಲ್ಲಿ ಹುಡುಕದೆ ‘ಇಲ್ಲ’ ಎನ್ನಬೇಡಿ. ಸುಬ್ಬರಾವ್ ಸಿಗದಿದ್ದರೆ ‘ಸುಬ್ಬರಾಯ’ ಎಂದೂ ನೋಡಿ.

ಎರಡನೆಯದು ಲಿಪಿ. ಎಷ್ಟೋ ಕಡೆ ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪಟ್ಟಿಗೆ ಹಾಕಿದ್ದಾರೆ. ಆ ಬರವಣಿಗೆಗೆ ಒಂದು ಕಟ್ಟು ಇಲ್ಲ. ದೀರ್ಘ ‘ಆ’ಗೆ ಒಬ್ಬರು ಎ ಒಂದು ಹಾಕುತ್ತಾರೆ, ಇನ್ನೊಬ್ಬರು ಎರಡು. ‘ತ’ ಅಂದರೆ ಕೆಲವರಿಗೆ ಟಿ, ಕೆಲವರಿಗೆ ಟಿ-ಎಚ್. ‘ಸಾಹಿತ್ಯ’ ಎಂಬ ಒಂದೇ ಪದವನ್ನು ಈ ಲೆಕ್ಕದಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಹುದು. ‘ಭೈರಪ್ಪ’ ಎಂಬಲ್ಲಿ ಬಿ-ಎಚ್ ಆದಮೇಲೆ ವೈ ಹಾಕುವವರು ಒಂದು ಕಡೆ, ಎ-ಐ ಹಾಕುವವರು ಒಂದು ಕಡೆ.

ಅಷ್ಟು ದೂರ ಯಾಕೆ, ನಮ್ಮೂರನ್ನೇ ನೋಡಿ. ಜಿಲ್ಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎನ್ ಆದಮೇಲೆ ಎ ಬಂದು ಆಮೇಲೆ ಜಿ ಬರುತ್ತದೆ. ವಿಶ್ವವಿದ್ಯಾಲಯದ ಹೆಸರಿನಲ್ಲಿ ಎನ್ ಆದಕೂಡಲೇ ಜಿ. ಒಂದು ಅಕ್ಷರ ಕಮ್ಮಿ. ಊರಿನ ಹೆಸರೇ ಹೀಗಿರುವಾಗ ಪುಸ್ತಕದ ಹೆಸರಿನ ಪಾಡೇನು? ಚಿತ್ರದುರ್ಗದವರಂತೂ ಬ್ರಿಟಿಷರ ಕಾಲದ ಪುಸ್ತಕ ಹುಡುಕುವಾಗ ‘ಚಿತಲ್‌ಡ್ರೂಗ್’ ಎಂದು ಹೊಡೆಯದೆ ಗತಿಯಿಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಇಷ್ಟು. ಪುಸ್ತಕದ ಪೂರ್ತಿ ಹೆಸರು ಹೊಡೆಯಬೇಡಿ. ಹೆಸರಿನಲ್ಲಿ ದೀರ್ಘ, ಮಹಾಪ್ರಾಣ, ಒತ್ತಕ್ಷರ ಯಾವುದೂ ಇಲ್ಲದ ಒಂದು ಸಣ್ಣ ಪದ ಆರಿಸಿಕೊಳ್ಳಿ. ‘ಮಗ’, ‘ನದಿ’, ‘ಮನೆ’ ತರಹದ್ದು. ಅವನ್ನು ಕೆಡಿಸಿ ಬರೆಯಲು ದಾರಿ ಕಮ್ಮಿ. ಅದರ ಜೊತೆ ಲೇಖಕರ ಹೆಸರಿನ ಒಂದು ತುಂಡು ಸೇರಿಸಿ. ಬಹಳ ತಂತ್ರಾಂಶಗಳಲ್ಲಿ ಪದದ ಮೊದಲ ನಾಲ್ಕು ಅಕ್ಷರ ಬರೆದು ನಕ್ಷತ್ರದ ಚಿಹ್ನೆ ಹಾಕಿದರೆ ಮುಂದಿನದೆಲ್ಲವನ್ನೂ ಅದೇ ತುಂಬಿಕೊಂಡು ತೋರಿಸುತ್ತದೆ. ಪಟ್ಟಿ ಉದ್ದ ಬಂದರೆ ಬರಲಿ. ಐವತ್ತು ಹೆಸರಿನಲ್ಲಿ ಕಣ್ಣಾಡಿಸುವುದು ಸೊನ್ನೆಯನ್ನು ನೋಡುತ್ತ ಕೂರುವುದಕ್ಕಿಂತ ವಾಸಿ.

ಕನ್ನಡ ಲಿಪಿಯಲ್ಲೇ ಪಟ್ಟಿ ಇದ್ದರೆ ಕಷ್ಟ ತೀರಿತು ಅಂದುಕೊಳ್ಳಬೇಡಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲಿ ತುಂಬಿಸಿದ ಹೆಸರು ನಿಮ್ಮ ಮೊಬೈಲಿನ ಯೂನಿಕೋಡ್ ಕನ್ನಡಕ್ಕೆ ಹೊಂದುವುದಿಲ್ಲ. ಪರದೆಯ ಮೇಲೆ ಕಣ್ಣಿಗೆ ಕನ್ನಡವೇ, ಒಳಗೆ ಬೇರೆಯೇ ಸಂಕೇತ. ಹೆಸರಿನ ನಡುವೆ ಅರ್ಧಾಕ್ಷರ ಬಂದಾಗಲೂ ಹೀಗೇ ಆಗುತ್ತದೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಕೂರಬೇಕು. ಅದನ್ನು ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಯಂತ್ರಕ್ಕೆ ಅವು ಎರಡು ಬೇರೆ ಪದ. ಆದ್ದರಿಂದ ಕನ್ನಡದಲ್ಲಿ ಸಿಗದ್ದನ್ನು ಇಂಗ್ಲಿಷ್ ಅಕ್ಷರದಲ್ಲೂ, ಇಂಗ್ಲಿಷಿನಲ್ಲಿ ಸಿಗದ್ದನ್ನು ಕನ್ನಡದಲ್ಲೂ ಒಮ್ಮೆ ನೋಡಿ.

ಸಿಕ್ಕಿತೇ? ಈಗ ಎರಡು ಸಂಖ್ಯೆ ಬರೆದುಕೊಳ್ಳಿ. ಒಂದು ಕಾಲ್ ನಂಬರ್, ಅದು ಕಪಾಟಿನ ವಿಳಾಸ. ಇನ್ನೊಂದು ಅಕ್ಸೆಷನ್ ನಂಬರ್, ಅದು ಆ ಒಂದು ಪ್ರತಿಯ ಸ್ವಂತ ಗುರುತು. ಒಂದೇ ಪುಸ್ತಕದ ಐದು ಪ್ರತಿಗೆ ಕಾಲ್ ನಂಬರ್ ಒಂದೇ, ಅಕ್ಸೆಷನ್ ನಂಬರ್ ಐದು. ಪಕ್ಕದಲ್ಲಿ ‘ಇದೆ’, ‘ಹೊರಗೆ ಹೋಗಿದೆ’, ‘ರೆಫರೆನ್ಸ್’ (ಅಲ್ಲೇ ಕೂತು ಓದಬೇಕಾದದ್ದು) ಎಂದು ಏನಾದರೂ ಬರೆದಿದ್ದರೆ ಅದನ್ನೂ ಗಮನಿಸಿ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡರೂ ಆಯಿತು.

894.814 ಎಂಬ ನಮ್ಮ ವಿಳಾಸ

ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಮಾಂಶ ವರ್ಗೀಕರಣವನ್ನೇ ನಮ್ಮಲ್ಲಿ ಹೆಚ್ಚಿನ ಗ್ರಂಥಾಲಯಗಳು ಬಳಸುತ್ತವೆ. ಅದರಲ್ಲಿ 800 ಸಾಹಿತ್ಯ. 810 ಅಮೆರಿಕದ್ದು, 820 ಇಂಗ್ಲಿಷಿನದು, ಆಮೇಲೆ ಜರ್ಮನ್, ಫ್ರೆಂಚ್ ಎಂದು ಯೂರೋಪಿನವರೆಲ್ಲ ಹಾಸಿಗೆ ಹಾಸಿಕೊಂಡು ಮಲಗಿದ ಮೇಲೆ, ಉಳಿದ ಜಗತ್ತಿಗೆಲ್ಲ 890ರ ಮೂಲೆ. ಅದರೊಳಗೆ ದ್ರಾವಿಡ ಭಾಷೆಗಳು 894.8. ತಮಿಳು 894.811, ಮಲಯಾಳಂ 894.812, ಕನ್ನಡ 894.814, ತೆಲುಗು 894.827. ಸಾವಿರ ವರ್ಷ ದಾಟಿದ ಸಾಹಿತ್ಯಕ್ಕೆ ಬಿಂದುವಿನ ಆಚೆ ಮೂರನೇ ಮನೆಯಲ್ಲಿ ಜಾಗ! ಪುಸ್ತಕದ ಬೆನ್ನಿನ ಮೇಲಿನ ಚೀಟಿಯಲ್ಲಿ ನಮ್ಮ ನಂಬರು ಅಷ್ಟುದ್ದ ಇರುವುದಕ್ಕೆ ಇದೇ ಕಾರಣ. ಸಿಟ್ಟು ಬಂದರೂ ಬಾಯಿಪಾಠ ಮಾಡಿಕೊಳ್ಳಿ.

ಆಮೇಲಿನ ಅಂಕಿ ಪ್ರಕಾರ ಹೇಳುತ್ತದೆ. 1 ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ, 4 ಪ್ರಬಂಧ. ಹಾಗಾಗಿ 894.8141 ಅಂದರೆ ಕನ್ನಡ ಕಾವ್ಯ, 894.8142 ನಾಟಕ, 894.8143 ಕಾದಂಬರಿ ಮತ್ತು ಕಥೆ. ಸಾಹಿತ್ಯ ಚರಿತ್ರೆ, ವಿಮರ್ಶೆಗೆ 09 ಸೇರುತ್ತದೆ: 894.81409.

ಇಲ್ಲಿ ಒಂದು ಎಡವಟ್ಟಿದೆ. 894.81409 ಎಂಬುದು 894.8141ಕ್ಕಿಂತ ಉದ್ದ ಇದೆಯಲ್ಲ, ಆಮೇಲೆ ಬರಬೇಕು ಅನ್ನಿಸುತ್ತದೆ. ಹಾಗಲ್ಲ. ದಶಮಾಂಶದಲ್ಲಿ ಒಂದೊಂದೇ ಅಂಕಿ ಹೋಲಿಸುತ್ತ ಹೋಗಬೇಕು. 4 ಆದಮೇಲೆ ಒಂದರಲ್ಲಿ 0, ಇನ್ನೊಂದರಲ್ಲಿ 1. ಸೊನ್ನೆ ಮೊದಲು. ಹಾಗಾಗಿ ವಿಮರ್ಶೆಯ ಕಪಾಟು ಕಾವ್ಯದ ಕಪಾಟಿಗಿಂತ ಮುಂಚೆ ಬರುತ್ತದೆ. ಕಾದಂಬರಿ ಪ್ರಕಾರದ ಮೇಲಿನ ವಿಮರ್ಶೆ 894.814309 ಆಗಿ ಕಾದಂಬರಿಗಳ ಬಳಿಯೇ ಕೂತಿರಬಹುದು. ಒಬ್ಬ ಲೇಖಕರ ಮೇಲಿನ ವಿಮರ್ಶೆಯನ್ನು ಕೆಲವರು ಆ ಲೇಖಕರ ಕೃತಿಗಳ ಪಕ್ಕದಲ್ಲೇ ಇಡುತ್ತಾರೆ. ಎರಡೂ ಕಡೆ ನೋಡಿ.

ನಂಬರಿನ ಕೆಳಗೆ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ, ಲೇಖಕರ ಹೆಸರಿನ ಮೊದಲ ಮೂರು. ಪುಟ್ಟಪ್ಪನವರಿಗೆ ಪಿ-ಯು-ಟಿ, ಸುಬ್ಬರಾಯರಿಗೆ ಎಸ್-ಯು-ಬಿ. ಕನ್ನಡ ಪುಸ್ತಕವೇ ಆದರೂ ಕಪಾಟಿನಲ್ಲಿ ಜೋಡಿಸಿರುವುದು ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಎಂಬುದು ಗೊತ್ತಿರಲಿ. ಅಕಾರಾದಿಯಲ್ಲಿ ಹುಡುಕುತ್ತ ನಿಂತರೆ ಬೆಳಗಾಗುತ್ತದೆ.

ಅಪರೂಪಕ್ಕೆ ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರ ಕೋಲನ್ ಪದ್ಧತಿ ಅನುಸರಿಸುವ ಗ್ರಂಥಾಲಯಕ್ಕೆ ಹೋದರೆ ಈ ಅಂಕಿಗಳು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಸಾಹಿತ್ಯಕ್ಕೆ ಇಂಗ್ಲಿಷಿನ ‘ಓ’ ಅಕ್ಷರ. ಬಾಗಿಲ ಬಳಿಯ ಫಲಕ ನೋಡಿಕೊಂಡು ಮುಂದೆ ಹೋಗಿ.

ಸಾಹಿತ್ಯದ ಕಪಾಟಿನಲ್ಲಿಲ್ಲದ ಸಾಹಿತ್ಯ

894.814ರಲ್ಲಿ ಇಲ್ಲ ಅಂದಮಾತ್ರಕ್ಕೆ ಕೈಚೆಲ್ಲಬೇಡಿ. ನಮ್ಮ ಪಠ್ಯದ ಅರ್ಧ ಪುಸ್ತಕಗಳು ಬೇರೆ ಬೇರೆ ಓಣಿಗಳಲ್ಲಿ ವಾಸ ಮಾಡುತ್ತವೆ.

ವಚನಗಳನ್ನೇ ತಗೊಳ್ಳಿ. ಕಾವ್ಯ ಎಂದವರು 894.8141ರಲ್ಲಿ ಇಟ್ಟಿರುತ್ತಾರೆ, ಧರ್ಮ ಎಂದವರು 294.5ರಲ್ಲಿ. ಎರಡೂ ತಪ್ಪಲ್ಲ, ಆದರೆ ಎರಡು ಕಪಾಟಿನ ನಡುವೆ ಇಡೀ ಒಂದು ಹಜಾರ ಇರಬಹುದು. ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳು ಒಟ್ಟಿಗೆ ರೆಫರೆನ್ಸಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಜಾನಪದ ಕಥೆ, ಲಾವಣಿ, ಗಾದೆ 398ರಲ್ಲಿ. ಕನ್ನಡ ವ್ಯಾಕರಣ, ಭಾಷಾ ಚರಿತ್ರೆ 494.814ರಲ್ಲಿ. ನೋಡಿ, ಬಿಂದುವಿನ ಆಚೆ ಅದೇ 814. ರಂಗಭೂಮಿಯ ಪುಸ್ತಕ 792. ಸಾಹಿತ್ಯ ಸಿದ್ಧಾಂತ 801. ಆತ್ಮಕಥೆ, ಜೀವನಚರಿತ್ರೆ 920ರ ಸುತ್ತಮುತ್ತ.

ಅನುವಾದ ಇನ್ನೊಂದು ಗೋಳು. ನಿಯಮದ ಪ್ರಕಾರ ಅನುವಾದ ಮೂಲ ಭಾಷೆಯ ಜೊತೆ ಹೋಗಬೇಕು. ಕನ್ನಡಕ್ಕೆ ಬಂದ ರಷ್ಯನ್ ಕಾದಂಬರಿ 891.73ರಲ್ಲಿ, ಬಂಗಾಳಿಯದು 891.44ರಲ್ಲಿ, ಮರಾಠಿಯದು 891.46ರಲ್ಲಿ, ಹಿಂದಿಯದು 891.43ರಲ್ಲಿ. ಆದರೆ ‘ಕನ್ನಡದಲ್ಲಿದೆ, ಕನ್ನಡದ ಹುಡುಗರು ಓದುತ್ತಾರೆ’ ಎಂದು ಕನ್ನಡ ಕಾದಂಬರಿಗಳ ನಡುವೆಯೇ ಇಟ್ಟುಬಿಡುವವರೂ ಇದ್ದಾರೆ. ನನಗೆ ಈ ಎರಡನೆಯವರೇ ಇಷ್ಟ. ಅನುವಾದಕರ ಹೆಸರಿನಲ್ಲೂ ಹುಡುಕಿ, ಅದನ್ನೇ ಲೇಖಕರ ಹೆಸರಾಗಿ ತುಂಬಿಸಿದವರಿದ್ದಾರೆ.

ಸ್ಥಳೀಯ ವಿಷಯದ ಮೇಲೆ ಪ್ರಬಂಧ ಬರೆಯುವವರಿಗೆ ಒಂದು ಕಿವಿಮಾತು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಹಿಂದಿನ ಗೆಜೆಟಿಯರು, ಶಾಸನ ಸಂಪುಟ, ಜನಗಣತಿ ಪುಸ್ತಕ ಯಾವುದರಲ್ಲೂ ‘ದಾವಣಗೆರೆ ಜಿಲ್ಲೆ’ ಎಂದು ಹುಡುಕಿದರೆ ಸಿಗುವುದಿಲ್ಲ. ದಾವಣಗೆರೆ, ಹರಿಹರ, ಜಗಳೂರಿನವರು ಚಿತ್ರದುರ್ಗದಲ್ಲಿ ನೋಡಬೇಕು. ಹೊನ್ನಾಳಿ, ಚನ್ನಗಿರಿಯವರು ಶಿವಮೊಗ್ಗದಲ್ಲಿ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಚಿತ್ರದುರ್ಗ ಜಿಲ್ಲೆಯ ಶಾಸನಗಳು 11ನೇ ಸಂಪುಟದಲ್ಲಿವೆ, ಹೊನ್ನಾಳಿ, ಚನ್ನಗಿರಿಯವು 7ನೇ ಸಂಪುಟದಲ್ಲಿ. ನಮ್ಮ ಒಬ್ಬ ವಿದ್ಯಾರ್ಥಿನಿ ತನ್ನೂರು ಹೊನ್ನಾಳಿಯ ವೀರಗಲ್ಲಿನ ಶಾಸನಕ್ಕಾಗಿ ಮೂರು ದಿನ 11ನೇ ಸಂಪುಟ ತಿರುವಿಹಾಕಿ ಅಳುವ ಹಂತಕ್ಕೆ ಬಂದಿದ್ದಳು.

ಶಿವಗಂಗೋತ್ರಿಯ ಕಥೆಯೂ ಇಂಥದ್ದೇ. ಅದು 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿ, 2009ರಲ್ಲಿ ಸ್ವತಂತ್ರ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಹಳೆಯ ಪುಸ್ತಕವೊಂದರಲ್ಲಿ ಬೇರೆ ವಿಶ್ವವಿದ್ಯಾಲಯದ ಮುದ್ರೆ ಕಂಡರೆ ಯಾರೋ ಕದ್ದು ತಂದದ್ದು ಅಂದುಕೊಳ್ಳಬೇಡಿ.

ಕಪಾಟಿನ ನಡುವೆ

ನಂಬರು ಹಿಡಿದು ಹೋದಿರಿ, ಆ ಜಾಗದಲ್ಲಿ ಪುಸ್ತಕ ಇಲ್ಲ. ಕೂಡಲೇ ಹಿಂದಿರುಗಬೇಡಿ. ಎಡಕ್ಕೆ ಹತ್ತು, ಬಲಕ್ಕೆ ಹತ್ತು ಪುಸ್ತಕ ನೋಡಿ. ಮೇಲಿನ ಸಾಲು, ಕೆಳಗಿನ ಸಾಲು ನೋಡಿ. ಸಾಲಿನ ಹಿಂದೆ ಜಾರಿ ಬಿದ್ದಿದೆಯೇ ಎಂದು ಕೈ ಹಾಕಿ. ಆಮೇಲೆ ವಾಪಸು ಬಂದ ಪುಸ್ತಕಗಳ ತಳ್ಳುಗಾಡಿ, ಓದುವ ಮೇಜುಗಳು, ಹೊಸ ಪುಸ್ತಕಗಳ ಪ್ರದರ್ಶನದ ಹಲಗೆ, ಬೈಂಡಿಂಗಿಗೆ ಕಟ್ಟಿಟ್ಟ ರಾಶಿ. ಸೆಮಿಸ್ಟರಿನ ಕೊನೆಯಲ್ಲಿ ಕೆಲವು ಜಾಣರು ಪಠ್ಯದ ಪುಸ್ತಕವನ್ನು ಬೇಕೆಂದೇ ಅರ್ಥಶಾಸ್ತ್ರದ ಕಪಾಟಿನಲ್ಲಿ ಬಚ್ಚಿಟ್ಟಿರುತ್ತಾರೆ. ಅದಕ್ಕೆ ಮದ್ದಿಲ್ಲ.

ಸಿಗದಿದ್ದರೆ ಅಟೆಂಡರಣ್ಣನನ್ನು ಕೇಳಿ. ನಾಚಿಕೆ ಬೇಡ. “ಅಣ್ಣಾ, ಕಾದಂಬರಿ ಎಲ್ಲದಾವೆ?” ಎಂದು ಸುಮ್ಮನೆ ಕೇಳಿದರೆ ಅವರು ಕೈ ತೋರಿಸುವುದು ಅರ್ಧ ಕಟ್ಟಡವನ್ನು. ಅಕ್ಸೆಷನ್ ನಂಬರ್ ಹೇಳಿ ಕೇಳಿದರೆ ಆ ಪ್ರತಿ ಎಲ್ಲಿದೆ, ಯಾರ ಹೆಸರಲ್ಲಿ ಹೋಗಿದೆ ಎಂದು ನೋಡಿ ಹೇಳುವುದು ಕೌಂಟರಿನವರಿಗೆ ಸುಲಭ. ಓದುಗರ ಸಮಯ ಉಳಿಸಬೇಕು ಎಂಬುದು 1931ರಷ್ಟು ಹಿಂದೆಯೇ ರಂಗನಾಥನ್ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಕೇಳುವುದು ನಿಮ್ಮ ಹಕ್ಕು.

ಬೇಕಾದ ಪುಸ್ತಕ ಸಿಕ್ಕರೂ ಆ ಕಪಾಟಿನ ಮುಂದೆ ಐದು ನಿಮಿಷ ನಿಲ್ಲಿ. ಕಂಪ್ಯೂಟರು ನೀವು ಕೇಳಿದ್ದನ್ನಷ್ಟೇ ಕೊಡುತ್ತದೆ. ಕಪಾಟು ಪಕ್ಕದ ಮನೆಯವರನ್ನೂ ಪರಿಚಯಿಸುತ್ತದೆ. ನನ್ನ ಎಂ.ಎ. ಪ್ರಬಂಧಕ್ಕೆ ಆಧಾರವಾದ ಪುಸ್ತಕ ನಾನು ಹುಡುಕಿ ಹೋದದ್ದಲ್ಲ. ಅದರ ಎಡಗಡೆ ಒರಗಿ ನಿಂತಿದ್ದ, ಬೆನ್ನು ಹರಿದ, ಹೆಸರೂ ಕಾಣದ ಒಂದು ಸಂಪುಟ.

ತೆಗೆದು ನೋಡಿ ಬೇಡವಾದದ್ದನ್ನು ನೀವೇ ಕಪಾಟಿಗೆ ತುರುಕಬೇಡಿ, ಮೇಜಿನ ಮೇಲಿಡಿ. ತಪ್ಪು ಜಾಗ ಸೇರಿದ ಪುಸ್ತಕ ಕಳೆದುಹೋದ ಪುಸ್ತಕವೇ.

ಹಳಗನ್ನಡ ಕಾವ್ಯವಾದರೆ ಮೊದಲು ಕೈಗೆ ಸಿಕ್ಕ ಪ್ರತಿಯನ್ನೇ ಹಿಡಿದುಕೊಂಡು ಬರಬೇಡಿ. ಒಂದೇ ಕಾವ್ಯದ ಮೂರು ನಾಲ್ಕು ಬಗೆಯ ಮುದ್ರಣ ಇರುತ್ತದೆ. ಬರೀ ಮೂಲ ಪಾಠ ಇರುವುದು, ಪಾಠಾಂತರಗಳ ಅಡಿಟಿಪ್ಪಣಿ ಇರುವುದು, ಗದ್ಯಾನುವಾದ ಇರುವುದು, ಸಂಗ್ರಹಿಸಿ ಕತ್ತರಿಸಿದ್ದು. ಪರೀಕ್ಷೆಗೆ ಗದ್ಯಾನುವಾದದ ಪ್ರತಿ, ಪ್ರಬಂಧಕ್ಕೆ ಅಡಿಟಿಪ್ಪಣಿಯ ಪ್ರತಿ. ‘ಸಂಗ್ರಹ’ ಎಂದು ಮುಖಪುಟದಲ್ಲಿ ಸಣ್ಣಗೆ ಬರೆದಿದೆಯೇ ನೋಡಿ. ಇಡೀ ಕಾವ್ಯ ಓದಿದೆನೆಂದುಕೊಂಡು ವೈವಾದಲ್ಲಿ ಸಿಕ್ಕಿಬಿದ್ದವರನ್ನು ಕಂಡಿದ್ದೇನೆ.

ಕೌಂಟರಿನಲ್ಲಿ

ಪುಸ್ತಕವನ್ನು ನಿಮ್ಮ ಹೆಸರಿಗೆ ಬರೆದುಕೊಡುವ ಮೊದಲು ಅಲ್ಲೇ ನಿಂತು ಹಾಳೆ ತಿರುಗಿಸಿ. ಹರಿದ ಪುಟ, ಬ್ಲೇಡಿನಿಂದ ಕತ್ತರಿಸಿದ ಪುಟ, ಗೀಚಿದ್ದು, ನೀರು ಬಿದ್ದದ್ದು ಕಂಡರೆ ಆಗಲೇ ತೋರಿಸಿ ಬರೆಸಿ. ಹಿಂದಿರುಗಿಸುವಾಗ ಹೇಳಿದರೆ ನಿಮ್ಮ ತಲೆಗೇ ಬರುತ್ತದೆ. ಹಿಂದಿನವರು ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯಲ್ಲಿ ಪುಟ ತಿರುಗಿಸಿ ಬಿಟ್ಟ ಎಣ್ಣೆ ಕಲೆಗೆ ನೀವ್ಯಾಕೆ ದುಡ್ಡು ಕಟ್ಟಬೇಕು?

ನಾಲ್ಕು ಪ್ರಶ್ನೆ ಕೇಳಿ: ನನ್ನ ಕಾರ್ಡಿಗೆ ಎಷ್ಟು ಪುಸ್ತಕ, ಎಷ್ಟು ದಿನ, ಎಷ್ಟು ಸಲ ರಿನ್ಯೂ ಮಾಡಬಹುದು, ದಿನಕ್ಕೆ ದಂಡ ಎಷ್ಟು. ಪದವಿ, ಎಂ.ಎ., ಪಿಎಚ್.ಡಿ., ಅಧ್ಯಾಪಕರು ಎಂದು ಒಬ್ಬೊಬ್ಬರಿಗೂ ಲೆಕ್ಕ ಬೇರೆ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಬುಕ್ ಬ್ಯಾಂಕ್ ಬಗ್ಗೆ ತಪ್ಪದೆ ವಿಚಾರಿಸಿ. ಪಠ್ಯಪುಸ್ತಕಗಳನ್ನು ಹೆಚ್ಚು ಕಾಲಕ್ಕೆ ಕೊಡುವ ಈ ವ್ಯವಸ್ಥೆ ಇದೆಯೆಂಬುದೇ ಎಷ್ಟೋ ಹುಡುಗರಿಗೆ ಕೊನೆಯ ಸೆಮಿಸ್ಟರಿನಲ್ಲಿ ಗೊತ್ತಾಗುತ್ತದೆ.

ನಿಘಂಟು, ವಿಶ್ವಕೋಶ, ಶಾಸನ ಸಂಪುಟ, ಪಿಎಚ್.ಡಿ. ಪ್ರಬಂಧ ಮನೆಗೆ ಸಿಗುವುದಿಲ್ಲ. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ 8 ಸಂಪುಟ ಹೊತ್ತು ಬಸ್ಸು ಹತ್ತುವ ಆಸೆ ಯಾರಿಗೂ ಇರಲಾರದು ಬಿಡಿ. ಬೇಕಾದ ಪುಟ ಜೆರಾಕ್ಸ್ ಮಾಡಿಸಿಕೊಳ್ಳಿ. ಸ್ವಂತ ಓದಿಗೆ, ಸಂಶೋಧನೆಗೆ ಕೆಲವು ಪುಟ ಮಾಡಿಸುವುದಕ್ಕೆ ಅಡ್ಡಿಯಿಲ್ಲ. ಇಡೀ ಪುಸ್ತಕ ಮಾಡಿಸುವುದು ಬೇರೆ ಮಾತು. ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಕೃತಿಸ್ವಾಮ್ಯ ಇರುತ್ತದೆ.

ಬೇಕಾದ ಪುಸ್ತಕ ಬೇರೆಯವರ ಹತ್ತಿರ ಇದ್ದರೆ ನಿಮ್ಮ ಹೆಸರಿಗೆ ಕಾದಿರಿಸಲು ಹೇಳಿ. ಅವರು ತಂದುಕೊಟ್ಟ ದಿನ ನಿಮಗೇ ಸಿಗುತ್ತದೆ. ಯಾರ ಹತ್ತಿರ ಇದೆ ಎಂದು ತಿಳಿದುಕೊಂಡು ಹಾಸ್ಟೆಲಿಗೆ ಹೋಗಿ ಗೋಗರೆಯುವುದು ಹಳೆಯ ಪದ್ಧತಿ. ಅದೂ ನಡೆಯುತ್ತದೆ.

ನಿಮ್ಮ ಕಾರ್ಡಿನ ಮೇಲೆ ತಂದದ್ದನ್ನು ಗೆಳತಿಗೆ ಕೊಡಬೇಡಿ. ಇದು ಅನುಭವದ ಮಾತು. ನಾನು ಓದುವಾಗ ರೂಮಿನ ಗೆಳತಿಗೆ ಒಂದು ನಾಟಕ ಕೊಟ್ಟಿದ್ದೆ. ಅವಳು ಊರಿಗೆ ಒಯ್ದಳು, ಅಲ್ಲಿಂದ ಅವಳ ಚಿಕ್ಕಪ್ಪ ಒಯ್ದರು, ಚಿಕ್ಕಪ್ಪನಿಂದ ಅವರೂರ ನಾಟಕದ ಕಂಪನಿಗೆ ಹೋಯಿತು. ಪಾತ್ರ ಹಂಚಿಕೊಳ್ಳಲು ಹಾಳೆ ಬಿಡಿಸಿಕೊಂಡರಂತೆ! ಬದಲಿ ಪ್ರತಿ ಕೊಡಿ ಅಂದರು, ಪುಸ್ತಕ ಅಚ್ಚಿನಲ್ಲಿ ಇರಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಎರಡು ಭಾನುವಾರ ಅಲೆದು ತಂದುಕೊಟ್ಟೆ. ನಾಟಕ ಚೆನ್ನಾಗಿ ಆಯಿತಂತೆ.

ನಿಜವಾಗಿಯೂ ಇಲ್ಲದಿದ್ದರೆ

ಮೊದಲು ನಿಮ್ಮ ವಿಭಾಗದ ಸಣ್ಣ ಗ್ರಂಥಾಲಯ ಕೇಳಿ. ಅಲ್ಲಿನ ಪುಸ್ತಕ ಮುಖ್ಯ ಪಟ್ಟಿಯಲ್ಲಿ ಸೇರಿರಲೇಬೇಕೆಂದಿಲ್ಲ. ಆಮೇಲೆ ಊರಿನ ಹಳೆಯ ಪದವಿ ಕಾಲೇಜುಗಳು, ನಗರ ಕೇಂದ್ರ ಗ್ರಂಥಾಲಯ. ಹಳೆಯ ಜನಪ್ರಿಯ ಕಾದಂಬರಿಗಳಿಗೆ ವಿಶ್ವವಿದ್ಯಾಲಯಕ್ಕಿಂತ ಸಾರ್ವಜನಿಕ ಗ್ರಂಥಾಲಯವೇ ಮೇಲು. ಡೆಲ್‌ನೆಟ್ ಎಂಬ ಗ್ರಂಥಾಲಯಗಳ ಜಾಲದ ಸದಸ್ಯತ್ವವಿರುವ ಗ್ರಂಥಾಲಯವಾದರೆ ಬೇರೆ ಊರಿನ ಗ್ರಂಥಾಲಯದಿಂದ ತರಿಸಿಕೊಡಲು ಕೇಳಬಹುದು.

ಪಿಎಚ್.ಡಿ. ಪ್ರಬಂಧಗಳಿಗೆ ಅಂತರ್ಜಾಲದಲ್ಲಿ ಶೋಧಗಂಗಾ ಇದೆ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವುದು. ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ನೋಡಲು ‘ವಚನ ಸಂಚಯ’ ಜಾಲತಾಣ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವಿನಲ್ಲಿ ಬೇಕಾದಷ್ಟಿವೆ. ಅಲ್ಲೂ ಹೆಸರಿನ ಆಟ ಇದ್ದದ್ದೇ, ಮೇಲೆ ಹೇಳಿದ ಉಪಾಯವನ್ನೇ ಮಾಡಿ.

ಕೌಂಟರಿನಲ್ಲಿ ಪುಸ್ತಕ ಶಿಫಾರಸಿನ ನಮೂನೆ ಕೇಳಿ ತುಂಬಿಕೊಡಿ. ಪ್ರಕಾಶಕರು, ವರ್ಷ, ಬೆಲೆ ಸಮೇತ. ವಿಭಾಗದ ಮುಖ್ಯಸ್ಥರ ಸಹಿ ಇದ್ದರೆ ಇನ್ನೂ ಒಳ್ಳೆಯದು. ನೀವು ಪಾಸಾಗಿ ಹೋದ ಮೇಲೆ ಬಂದರೂ ಬರಬಹುದು, ನಿಮ್ಮ ನಂತರದ ಬ್ಯಾಚಿನವರಿಗೆ ಆಗುತ್ತದೆ.

ವಾಪಸು ಕೊಡುವಾಗ

ಕೊಡುವ ಮೊದಲು ಹಾಳೆಗಳ ನಡುವೆ ಇಟ್ಟ ಬಸ್ ಟಿಕೆಟ್ಟು, ಟಿಪ್ಪಣಿ ಚೀಟಿ, ಹತ್ತು ರೂಪಾಯಿ ನೋಟು ತೆಗೆದುಕೊಳ್ಳಿ. ಪುಸ್ತಕವನ್ನು ಮೇಜಿನ ಮೇಲಿಟ್ಟು ಓಡಿಬರಬೇಡಿ. ನಿಮ್ಮ ಹೆಸರಿನಿಂದ ಅದು ಇಳಿಯಿತೇ ಎಂದು ಪರದೆಯಲ್ಲಿ ನೋಡಿಯೇ ಹೊರಡಿ. ಇಳಿಸಲು ಮರೆತ ಒಂದು ಪುಸ್ತಕ ಎರಡು ವರ್ಷ ಆದಮೇಲೆ, ನೋ ಡ್ಯೂ ಸರ್ಟಿಫಿಕೇಟಿಗೆ ನೀವು ಸಾಲಿನಲ್ಲಿ ನಿಂತ ದಿನ ಎದ್ದು ಬರುತ್ತದೆ, ಎರಡು ವರ್ಷದ ದಂಡದ ಸಮೇತ. ಹಾಗೇನಾದರೂ ಆದರೆ ಜಗಳಕ್ಕೆ ಮೊದಲು ಚೀಟಿ ಹಿಡಿದು ಆ ಕಪಾಟಿಗೇ ಹೋಗಿ. ಪುಸ್ತಕ ಅಲ್ಲೇ ಇದ್ದರೆ ತಂದು ಕೌಂಟರಿನ ಮೇಲಿಟ್ಟು ಅಕ್ಸೆಷನ್ ನಂಬರ್ ತೋರಿಸಿ.